ಓದುಗರ ಪ್ರಶ್ನೆ: ಕೋಟೆಯ ಕಾವಲಿಗೆ ಗೋಲೆಮ್, ಬೆಕ್ಕು, ನಾಯಿ

ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿದ ಮನೆ, ಕೋಟೆಗಳ ಕಾವಲಿನ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉತ್ತರಗಳೆಲ್ಲ ಕಂಪ್ಯೂಟರಿನ ಜಾವಾ ಆವೃತ್ತಿಗೆ ಸಂಬಂಧಿಸಿದವು. ಮೊಬೈಲಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯಲ್ಲಿ ಕೆಲವು ನಡವಳಿಕೆ ಬೇರೆ ಇರುತ್ತವೆ.

ಪ್ರಶ್ನೆ: ನಮ್ಮೂರಿನ ಏಳುಸುತ್ತಿನ ಕೋಟೆಯನ್ನೇ ಆಟದಲ್ಲಿ ಕಟ್ಟುತ್ತಿದ್ದೇನೆ. ಮೂರು ಸುತ್ತು ಮುಗಿದಿದೆ. ಆರು ಐರನ್ ಗೋಲೆಮ್ (ಕಬ್ಬಿಣದ ಕಾವಲು ಬೊಂಬೆ) ಬಿಟ್ಟಿದ್ದೇನೆ. ಆದರೂ ರಾತ್ರಿಯಾದರೆ ಅಂಗಳದ ತುಂಬ ಝಾಂಬಿಗಳು. ಬೆಳಿಗ್ಗೆ ನೋಡಿದರೆ ಗೋಲೆಮ್‌ಗಳೇ ಕಾಣೆ. ಏನು ಮಾಡಲಿ? (ಪದವಿ ವಿದ್ಯಾರ್ಥಿ, ಚಿತ್ರದುರ್ಗ)

ಆರು ಗೋಲೆಮ್ ಅಂದರೆ 216 ಕಬ್ಬಿಣದ ಇಂಗಾಟ್ (ಗಟ್ಟಿ). ಅಷ್ಟು ಶ್ರಮ ವ್ಯರ್ಥವಾಗಬಾರದು. ನಿಮ್ಮ ಕೋಟೆಗೆ ಎರಡು ತೊಂದರೆಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಕತ್ತಲೆ. ನಿಮ್ಮ ಝಾಂಬಿಗಳಲ್ಲಿ ಹೆಚ್ಚಿನವು ಗೋಡೆ ದಾಟಿ ಬಂದವಲ್ಲ, ಅಂಗಳದಲ್ಲೇ ಹುಟ್ಟಿದವು. 2021ರಲ್ಲಿ ಬಂದ 1.18 ಆವೃತ್ತಿಯಿಂದ ಈಚೆಗೆ ನಮ್ಮ ಸಾಮಾನ್ಯ ಲೋಕದಲ್ಲಿ ಇಂಥ ರಾಕ್ಷಸರು ಹುಟ್ಟಬೇಕಾದರೆ ಆ ಜಾಗದಲ್ಲಿ ಬ್ಲಾಕ್ ಬೆಳಕು (ಟಾರ್ಚಿನಂಥವುಗಳ ಬೆಳಕು, ಸೂರ್ಯನದಲ್ಲ) ಪೂರ್ತಿ 0 ಇರಬೇಕು. ಸುತ್ತಿನ ಮೇಲೆ ಸುತ್ತು ಕಟ್ಟಿದಂತೆಲ್ಲ ನಡುವಿನ ಕತ್ತಲೆ ಅಂಗಳಗಳೂ ಹೆಚ್ಚುತ್ತವೆ. ಗೋಡೆ ಎಷ್ಟು ಎತ್ತರವಿದ್ದರೂ ಒಳಗೆ ಹುಟ್ಟುವುದನ್ನು ಅದು ತಡೆಯದು. ಟಾರ್ಚ್ ಇರುವಲ್ಲಿ ಬೆಳಕು 14, ಒಂದೊಂದು ಬ್ಲಾಕ್ ದೂರಕ್ಕೆ ಒಂದೊಂದು ಕಡಿಮೆ. ಓರೆಯಾಗಿ ಅಳೆಯಬೇಡಿ, ಉದ್ದ ಮತ್ತು ಅಗಲ ಎರಡನ್ನೂ ಕೂಡಿಸಿ ಎಣಿಸಿ. ಹಾಗಾಗಿ 12 ಬ್ಲಾಕಿಗೊಂದು ಟಾರ್ಚಿನಂತೆ ಚೌಕವಾಗಿ ಇಟ್ಟರೆ ನಟ್ಟನಡುವಿನಲ್ಲೂ ಬೆಳಕು 2 ಉಳಿಯುತ್ತದೆ. 60ಕ್ಕೆ 60 ಬ್ಲಾಕಿನ ಅಂಗಳಕ್ಕೆ, ಅಂಚಿನಿಂದ 6 ಬ್ಲಾಕ್ ಬಿಟ್ಟು ಶುರುಮಾಡಿದರೆ, 25 ಟಾರ್ಚ್ ಸಾಕು. ಅದಕ್ಕೆ ಬೇಕಾದದ್ದು 7 ಕಲ್ಲಿದ್ದಲು, 7 ಕಡ್ಡಿ. ಗೋಡೆಯ ನೆತ್ತಿ, ಬಂಡೆಗಳ ಮೇಲ್ಭಾಗ, ಬುರುಜಿನ ಒಳಗೆ ಬೆಳಕಿಡುವುದನ್ನು ಬಹಳ ಜನ ಮರೆಯುತ್ತಾರೆ. ದುರ್ಗದ ಕೋಟೆಯ ನಕಲಿನಲ್ಲಿ ಬಂಡೆಗಳೇ ಹೆಚ್ಚು, ಆದ್ದರಿಂದ ಅಲ್ಲಿ ಹತ್ತಿ ನೋಡಿ. ಎಫ್3 ಒತ್ತಿದರೆ ನೀವು ನಿಂತ ಜಾಗದ ಬ್ಲಾಕ್ ಬೆಳಕು ಪರದೆಯ ಮೇಲೆ ಕಾಣುತ್ತದೆ.

ಎರಡನೆಯದು ಬಾಗಿಲು. ಗೋಲೆಮ್ ಸುಮಾರು 16 ಬ್ಲಾಕ್ ದೂರದ ಶತ್ರುವನ್ನು ಕಂಡರೆ ಬೆನ್ನಟ್ಟುತ್ತದೆ. ಕೋಟೆಯ ಬಾಗಿಲು ಅಗಲವಾಗಿದ್ದರೆ ಹೊರಗೆ ಹೋಗುತ್ತದೆ. ಕಾದಾಟ ಮುಗಿದ ಮೇಲೆ ತನ್ನ ಜಾಗಕ್ಕೆ ಮರಳಬೇಕೆಂಬ ಅರಿವು ಅದಕ್ಕಿಲ್ಲ, ಕಂಡಲ್ಲಿ ಅಲೆಯುತ್ತದೆ. ನಿಮ್ಮ ಗೋಲೆಮ್‌ಗಳು ಸತ್ತಿರಬೇಕೆಂದೇನೂ ಇಲ್ಲ, ಕಾಡಿನಲ್ಲೆಲ್ಲೋ ತಿರುಗುತ್ತಿರಬಹುದು.

ಇದಕ್ಕೆ ಪರಿಹಾರ ನಿಮ್ಮೂರಿನಲ್ಲೇ ಇದೆ. ಓಬವ್ವನ ಕಿಂಡಿಯನ್ನು ನೆನೆಯಿರಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ನುಸುಳಬೇಕಾಗಿದ್ದರಿಂದ ಒಳಗೆ ನಿಂತ ಒಬ್ಬಳ ಒನಕೆ ಸಾಕಾಯಿತು. ಹೊರಗೋಡೆಯಲ್ಲಿ 1 ಬ್ಲಾಕ್ ಅಗಲ, 2 ಬ್ಲಾಕ್ ಎತ್ತರದ ಒಂದೇ ಕಿಂಡಿ ಬಿಡಿ. ನೀವೂ ಝಾಂಬಿಯೂ ಅದರಲ್ಲಿ ತೂರಬಹುದು. ಗೋಲೆಮ್‌ನ ಅಗಲ 1.4 ಬ್ಲಾಕ್, ಎತ್ತರ 2.7 ಬ್ಲಾಕ್, ಅದು ತೂರಲಾರದು. ಕಾವಲಿನವನು ಒಳಗೇ ಉಳಿಯುತ್ತಾನೆ, ಶತ್ರು ಸಾಲಾಗಿ ಬರುತ್ತಾನೆ. ಕಿಂಡಿಯ ಹಿಂದೆ 7ಕ್ಕೆ 7ರಷ್ಟು ಬಯಲು ಇರಲಿ, ಚಾವಣಿ ಇದ್ದರೆ ಕನಿಷ್ಠ 3 ಬ್ಲಾಕ್ ಎತ್ತರ. ಆ ಬಯಲಿನಲ್ಲೇ ಗೋಲೆಮ್ ಕಟ್ಟಿ, ಎಲ್ಲೋ ಕಟ್ಟಿ ಎಳೆದು ತರುವ ಕಷ್ಟ ಬೇಡ. ಬಯಲಿನಿಂದ ಮನೆಗೆ ಹೋಗುವ ದಾರಿಗೆ ಕಬ್ಬಿಣದ ಬಾಗಿಲು ಹಾಕಿ, ಅದನ್ನು ಝಾಂಬಿ ಮುರಿಯಲಾರದು. ಬಯಲಿನ ಕಡೆ ಬಟನ್ ಮಾತ್ರ ಇರಲಿ. ಅಲ್ಲಿ ಪ್ರೆಷರ್ ಪ್ಲೇಟ್ ಇಟ್ಟರೆ ಒಳಬಂದ ಝಾಂಬಿಯೇ ತುಳಿದು ಬಾಗಿಲು ತೆರೆದುಕೊಳ್ಳುತ್ತದೆ.

ಜೇಡಕ್ಕೂ 1 ಬ್ಲಾಕಿನ ಕಿಂಡಿ ಸಾಲದು, ಆದರೆ ಅದು ಗೋಡೆ ಹತ್ತುತ್ತದೆ. ಗೋಡೆಯ ನೆತ್ತಿಯಲ್ಲಿ ಹೊರಗಡೆಗೆ ಒಂದು ಬ್ಲಾಕ್ ಚಾಚುವಂತೆ ಸೂರು ಕಟ್ಟಿ. ಹತ್ತಿಬಂದ ಜೇಡ ಅಲ್ಲಿ ತಲೆ ತಾಗಿ ನಿಲ್ಲುತ್ತದೆ. ಸೂರು ಸುತ್ತಲೂ ಇರಬೇಕು, ಒಂದು ಕಡೆ ಬಿಟ್ಟರೂ ಅದು ದಾರಿಯಾಗುತ್ತದೆ.

ಹೀಗೆ ಮಾಡಿದರೆ ಕಿಂಡಿಗೊಂದರಂತೆ ಗೋಲೆಮ್ ಸಾಕು. ಅದರ ಪೆಟ್ಟು ನಾರ್ಮಲ್ ಎಂಬ ಕಷ್ಟದ ಮಟ್ಟದಲ್ಲಿ 7.5ರಿಂದ 21.5, ಝಾಂಬಿಯ ಜೀವ 20. ಕವಚ ತೊಡದ ಝಾಂಬಿ ಹೆಚ್ಚೆಂದರೆ ಮೂರು ಏಟಿಗೆ ಮುಗಿಯುತ್ತದೆ.

ಪ್ರಶ್ನೆ: ನಾಲ್ಕು ಕಬ್ಬಿಣದ ಬ್ಲಾಕ್ ಇಟ್ಟು ಮೇಲೆ ಕುಂಬಳಕಾಯಿ ಇಟ್ಟರೂ ಗೋಲೆಮ್ ಏಳುತ್ತಿಲ್ಲ. (ಒಂಬತ್ತನೇ ತರಗತಿ, ಹರಿಹರ)

ಮೂರು ವಿಷಯ ನೋಡಿ. ಕುಂಬಳಕಾಯಿ ಬಳ್ಳಿಯಿಂದ ಕಿತ್ತ ಹಾಗೇ ಇದ್ದರೆ ಆಗದು. ಅದನ್ನು ನೆಲದ ಮೇಲಿಟ್ಟು ಕತ್ತರಿಯಿಂದ ರೈಟ್ ಕ್ಲಿಕ್ ಮಾಡಿ ಮುಖ ಕೆತ್ತಬೇಕು. ಎರಡನೆಯದಾಗಿ, ತಲೆಯನ್ನು ಕೊನೆಗೇ ಇಡಬೇಕು. ನೆಲದ ಮೇಲೆ ಒಂದು ಬ್ಲಾಕ್, ಅದರ ಮೇಲೆ ಒಂದು, ಅದರ ಎಡಬಲಕ್ಕೆ ಒಂದೊಂದು, ಆಮೇಲೆ ನಡುವಿನದರ ಮೇಲೆ ಕುಂಬಳಕಾಯಿ. ಮೂರನೆಯದೇ ಬಹಳ ಮಂದಿಯನ್ನು ಕಾಡುವುದು: ಕಾಲಿನ ಎಡಬಲ, ತಲೆಯ ಎಡಬಲ ಈ ನಾಲ್ಕೂ ಜಾಗ ಖಾಲಿ ಇರಬೇಕು. ಕಾಲಿನ ಪಕ್ಕ ಒಂದು ಹುಲ್ಲಿನ ಎಸಳೋ ಹೂವೋ ಇದ್ದರೂ ಗೋಲೆಮ್ ಏಳದು. ಕಟ್ಟುವ ಮೊದಲು ನೆಲ ಸವರಿಬಿಡಿ.

ಒಂದು ಗೋಲೆಮ್‌ಗೆ 36 ಇಂಗಾಟ್. ಒಂದು ಕುಲುಮೆಯಲ್ಲಿ ಅಷ್ಟು ಕರಗಿಸಲು 6 ನಿಮಿಷ, 5 ಕಲ್ಲಿದ್ದಲು ಬೇಕು. ಬ್ಲಾಸ್ಟ್ ಫರ್ನೇಸ್ ಇದ್ದರೆ 3 ನಿಮಿಷ. ಕಬ್ಬಿಣ ಹುಡುಕಲು ವೈ (ಎತ್ತರ ತೋರಿಸುವ ಅಂಕೆ) 16ರ ಆಸುಪಾಸಿನ ಆಳ ಒಳ್ಳೆಯದು.

ಪ್ರಶ್ನೆ: ಹಿಮದ ಗೋಲೆಮ್ ಕಟ್ಟಿದ ಕೆಲವೇ ಕ್ಷಣಕ್ಕೆ ಸಾಯುತ್ತಿದೆ. ನನ್ನ ಮನೆ ಮರುಭೂಮಿಯಲ್ಲಿದೆ. (ಚಳ್ಳಕೆರೆ)

ಮರುಭೂಮಿ, ಸವಾನಾ, ಬ್ಯಾಡ್‌ಲ್ಯಾಂಡ್ಸ್, ನೆದರ್ (ಆಟದ ಬೆಂಕಿಲೋಕ) ಇವುಗಳ ಬಿಸಿಗೆ ಅದು ಕರಗುತ್ತದೆ. ಅದರ ಜೀವವೇ 4, ಅಂದರೆ ಎರಡು ಹೃದಯ. ಮರುಭೂಮಿಯಲ್ಲಿ ಅದರ ಆಸೆ ಬಿಡಿ. ತಂಪಿನ ಕಡೆ ಮನೆ ಕಟ್ಟಿದವರಿಗೆ ಮಾತ್ರ ಅದು ಉಪಯುಕ್ತ: 8 ಹಿಮದುಂಡೆಯಿಂದ 2 ಹಿಮದ ಬ್ಲಾಕ್, ಜೊತೆಗೆ ಕೆತ್ತಿದ ಕುಂಬಳಕಾಯಿ. ಮಳೆಯೂ ಅದನ್ನು ಕೊಲ್ಲುವುದರಿಂದ ಮೇಲೆ ಸೂರು ಬೇಕು. ಅದು ಎಸೆಯುವ ಉಂಡೆಯಿಂದ ಬ್ಲೇಜ್ ಎಂಬ ಬೆಂಕಿಯ ರಾಕ್ಷಸನನ್ನು ಬಿಟ್ಟು ಯಾರಿಗೂ ಗಾಯವಾಗದು, ಶತ್ರುವನ್ನು ಹಿಂದಕ್ಕೆ ತಳ್ಳುತ್ತದೆ ಅಷ್ಟೆ. ಬುರುಜಿನ ಮೇಲೆ ಬೇಲಿಯೊಳಗೆ ನಿಲ್ಲಿಸಿದರೆ ಐರನ್ ಗೋಲೆಮ್‌ಗೆ ಒಳ್ಳೆಯ ಜೊತೆ. ಒಂಟಿಯಾಗಿ ಅದನ್ನು ನೆಚ್ಚಬೇಡಿ.

ಪ್ರಶ್ನೆ: ಮಗ ಎರಡು ವಾರ ಕೂತು ಕಟ್ಟಿದ ಮನೆಯನ್ನು ಕ್ರೀಪರ್ (ಹತ್ತಿರ ಬಂದು ಸಿಡಿಯುವ ರಾಕ್ಷಸ) ಸ್ಫೋಟಿಸಿತು. ಪಕ್ಕದಲ್ಲೇ ಗೋಲೆಮ್ ಇತ್ತಂತೆ. ಬಹಳ ಬೇಸರದಲ್ಲಿದ್ದಾನೆ. ಹೀಗೇಕಾಯಿತು? (ಗೃಹಿಣಿ, ದಾವಣಗೆರೆ)

ಹುಡುಗನ ತಪ್ಪೇನೂ ಇಲ್ಲ ಅಮ್ಮ. ಐರನ್ ಗೋಲೆಮ್ ಕ್ರೀಪರ್ ಮೇಲೆ ಕೈ ಮಾಡುವುದೇ ಇಲ್ಲ, ಆಟವನ್ನು ಹಾಗೇ ರೂಪಿಸಿದ್ದಾರೆ. ಸಾಕಿದ ನಾಯಿಯೂ ಕ್ರೀಪರ್ ತಂಟೆಗೆ ಹೋಗದು. ಈ ಕೆಲಸಕ್ಕೆ ಬೆಕ್ಕು ಬೇಕು. 6 ಬ್ಲಾಕಿನೊಳಗೆ ಬೆಕ್ಕು ಕಂಡರೆ ಕ್ರೀಪರ್ ಓಡುತ್ತದೆ. ನಿದ್ದೆಯಿಲ್ಲದೆ ಆಟದ ಮೂರು ದಿನ, ಅಂದರೆ ನಮ್ಮ ಒಂದು ಗಂಟೆ ಕಳೆದರೆ ಆಕಾಶದಿಂದ ಎರಗುವ ಫ್ಯಾಂಟಮ್ ಕೂಡ 16 ಬ್ಲಾಕ್ ದೂರದಿಂದಲೇ ಬೆಕ್ಕಿಗೆ ಹೆದರುತ್ತದೆ.

ಹಳ್ಳಿಗಳಲ್ಲಿ ಬೀದಿ ಬೆಕ್ಕು ಸಿಗುತ್ತವೆ. ಬೇಯಿಸದ ಕಾಡ್ ಅಥವಾ ಸಾಲ್ಮನ್ ಮೀನು ಹಿಡಿದು, ಬಗ್ಗಿ ನಿಧಾನವಾಗಿ ಹತ್ತಿರ ಹೋಗಲು ಹೇಳಿ, ಗಡಬಡಿಸಿದರೆ ಓಡಿಹೋಗುತ್ತದೆ. ಒಂದು ಮೀನಿಗೆ ಪಳಗುವ ಸಾಧ್ಯತೆ ಮೂರರಲ್ಲೊಂದು, ಹತ್ತು ಮೀನು ಇಟ್ಟುಕೊಂಡಿರಲಿ. ಆಮೇಲೆ ಗೋಡೆಯ ಉದ್ದಕ್ಕೂ 10 ಬ್ಲಾಕಿಗೊಂದರಂತೆ, ಮತ್ತು ಕಿಂಡಿಯ ಪಕ್ಕ ಒಂದನ್ನು ಕೂರಿಸಬೇಕು. ಕೂತ ಬೆಕ್ಕಿಗೂ ಕ್ರೀಪರ್ ಹೆದರುತ್ತದೆ, ಆದರೆ ಕೋಣೆಯೊಳಗೆ ಮುಚ್ಚಿಟ್ಟದ್ದನ್ನು ನಂಬಬೇಡಿ. ಚೆಸ್ಟ್ (ಸಾಮಾನಿನ ಪೆಟ್ಟಿಗೆ) ಹತ್ತಿರ ಕೂರಿಸುವುದು ಬೇಡ: ಬೆಕ್ಕು ಚೆಸ್ಟ್ ಮೇಲೆ ಕೂತರೆ ಅದು ತೆರೆಯುವುದಿಲ್ಲ.

ಪ್ರಶ್ನೆ: ಗೆಳೆಯರೊಂದಿಗೆ ಒಂದೇ ಲೋಕದಲ್ಲಿ ಆಡುತ್ತೇವೆ. ನಾನಿಲ್ಲದಾಗ ಚೆಸ್ಟಿನಿಂದ ವಜ್ರ ಕದಿಯುತ್ತಾರೆ. ಗೋಲೆಮ್ ತಡೆಯುತ್ತದೆಯೇ? (ಹಿರಿಯೂರು)

ಇಲ್ಲ. ನಾವು ಕಟ್ಟಿದ ಗೋಲೆಮ್ ಯಾವ ಆಟಗಾರನನ್ನೂ ಹೊಡೆಯದು. ನಾಯಿ ನೀವು ಹೊಡೆದವರನ್ನು, ನಿಮ್ಮನ್ನು ಹೊಡೆದವರನ್ನು ಕಚ್ಚುತ್ತದೆ, ನೀವಿಲ್ಲದಾಗ ಕಾಯುವುದಿಲ್ಲ. ವಜ್ರವನ್ನು ಎಂಡರ್ ಚೆಸ್ಟಿನಲ್ಲಿಡಿ: 8 ಅಬ್ಸಿಡಿಯನ್, 1 ಐ ಆಫ್ ಎಂಡರ್. ಅದನ್ನು ಯಾರು ತೆರೆದರೂ ಅವರವರ ಸಾಮಾನೇ ಅವರಿಗೆ ಕಾಣುವುದು.

ಗಣಿಗೆ ಜೊತೆಯಾಗಿ ನಾಯಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. 2024ರ 1.20.5 ಆವೃತ್ತಿಯಿಂದ ಪಳಗಿದ ನಾಯಿಯ ಜೀವ 40. ಆರ್ಮಡಿಲೋವನ್ನು ಬ್ರಷ್‌ನಿಂದ ಉಜ್ಜಿದರೆ ಸಿಗುವ ಚಿಪ್ಪು 6 ಕೂಡಿಸಿದರೆ ಅದಕ್ಕೊಂದು ಕವಚವೂ ಆಗುತ್ತದೆ. ಗಾಯವಾದಾಗ ಝಾಂಬಿಯ ಕೊಳೆತ ಮಾಂಸ ಹಾಕಿದರೂ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ಗೋಲೆಮ್ ಮೈಮೇಲೆ ಬಿರುಕು ಬಿಟ್ಟಿದೆ. ಹೊಸದು ಕಟ್ಟಬೇಕೇ? (ಜಗಳೂರು)

ಖಂಡಿತ ಬೇಡ. ಅದರ ಪೂರ್ತಿ ಜೀವ 100. 75ಕ್ಕಿಂತ ಕೆಳಗಿಳಿದರೆ ಮೊದಲ ಬಿರುಕು, 50ಕ್ಕೆ, 25ಕ್ಕೆ ಇನ್ನಷ್ಟು. ಇಂಗಾಟ್ ಹಿಡಿದು ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಒಂದಕ್ಕೆ 25 ಜೀವ ಮರಳುತ್ತದೆ. ಸಾಯುವ ಹಂತದಲ್ಲಿದ್ದರೂ 4 ಇಂಗಾಟ್ ಸಾಕು. ಸತ್ತರೆ ಉದುರುವುದು 3ರಿಂದ 5 ಇಂಗಾಟ್, ಹೊಸದಕ್ಕೆ ಮತ್ತೆ 36 ಬೇಕು. ಕಿಂಡಿಯ ಪಕ್ಕದ ಚೆಸ್ಟಿನಲ್ಲಿ ಯಾವಾಗಲೂ ಎಂಟು ಇಂಗಾಟ್ ಇಟ್ಟಿರಿ, ಬೆಳಿಗ್ಗೆ ಹೊರಗೆ ಹೋಗುವಾಗ ಒಮ್ಮೆ ಅದರ ಮೈ ನೋಡಿ ಹೋಗಿ.