ಸಸ್ಯ ಪ್ರಶ್ನೋತ್ತರ: ಅಕೇಶಿಯಾ ಯಾವುದು, ಮ್ಯಾಂಜಿಯಂ ಯಾವುದು?

ಪ್ರಶ್ನೆ: ನಮ್ಮ ಮನೆಯ ಹಿಂದಿನ ಮುರಕಲ್ಲು ಗುಡ್ಡೆಯಲ್ಲಿ ಹಲವು ಅಕೇಶಿಯಾ ಮರಗಳಿವೆ. ಕೆಲವದರ ಎಲೆ ಕತ್ತಿಯಂತೆ ಸಪೂರ, ಕೆಲವದರದ್ದು ಅಂಗೈಯಷ್ಟು ಅಗಲ, ಒಂದು ಮರದ್ದು ಇವೆರಡರ ನಡುವಿನದು. ಮೋಪಿನ ವ್ಯಾಪಾರಿಗಳು ಎಲ್ಲವನ್ನೂ ಮ್ಯಾಂಜಿಯಂ ಎನ್ನುತ್ತಾರೆ. ಬುಡದಲ್ಲಿ ಎದ್ದ ಸಸಿಗಳಿಗೆ ನಾಚಿಕೆ ಮುಳ್ಳಿನಂಥ ಎಲೆಯಿದೆ. ಇವನ್ನು ಗುರುತಿಸುವುದು ಹೇಗೆ? ಮೂರು ಗೆಲ್ಲುಗಳ ಚಿತ್ರ ಕಳುಹಿಸಿದ್ದೇನೆ.
– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಮೊದಲು ಸಸಿಗಳ ವಿಷಯ. ಈ ಮರಗಳ ನಿಜವಾದ ಎಲೆ ನೀವು ಸಸಿಯಲ್ಲಿ ಕಂಡ ಆ ಗರಿಯಂಥ ಎಲೆಯೇ. ಸಸಿ ಬೆಳೆದಂತೆ ಎಲೆಯ ತೊಟ್ಟು ಚಪ್ಪಟೆಯಾಗಿ ಅಗಲವಾಗುತ್ತದೆ, ಗರಿ ಇಲ್ಲವಾಗುತ್ತದೆ, ಕೊನೆಗೆ ತೊಟ್ಟೇ ಎಲೆಯ ಕೆಲಸ ಮಾಡುತ್ತದೆ. ಅಗಲವಾದ ತೊಟ್ಟಿನ ತುದಿಯಲ್ಲಿ ಗರಿ ಇನ್ನೂ ಉಳಿದಿರುವ ಸಸಿಯೊಂದು ಸಿಕ್ಕರೆ ಮಕ್ಕಳಿಗೆ ತಪ್ಪದೆ ತೋರಿಸಿ. ಆದರೆ ಇದು ಎರಡೂ ಜಾತಿಗಳಿಗೆ ಸಮಾನವಾದ್ದರಿಂದ ಬುಡದ ಸಸಿಯನ್ನು ನೋಡಿ ಮೇಲಿನ ಮರದ ಜಾತಿಯನ್ನು ಹೇಳಲಾಗದು.

ನಿಮ್ಮ ಮೊದಲ ಚಿತ್ರದಲ್ಲಿರುವುದು ಅಕೇಶಿಯಾ ಆರಿಕ್ಯುಲಿಫಾರ್ಮಿಸ್, ಎರಡನೆಯದು ಅಕೇಶಿಯಾ ಮ್ಯಾಂಜಿಯಂ. ಎರಡರ ತವರೂ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಮತ್ತು ಇಂಡೊನೇಷ್ಯಾದ ಪೂರ್ವದ ದ್ವೀಪಗಳು. ಎಲೆಯ ಅಗಲ ಮೊದಲನೆಯದರಲ್ಲಿ ಸಾಮಾನ್ಯವಾಗಿ 1.5ರಿಂದ 3 ಸೆಂ.ಮೀ., ಎರಡನೆಯದರಲ್ಲಿ 5ರಿಂದ 10 ಸೆಂ.ಮೀ. ಇರುತ್ತದೆ. ಆದರೆ ಕಡಿದ ಬುಡದಿಂದ ಚಿಗುರಿದ ಗೆಲ್ಲುಗಳಲ್ಲಿಯೂ ಎಳೆಯ ಗಿಡಗಳಲ್ಲಿಯೂ ಈ ಅಳತೆ ದಾರಿ ತಪ್ಪಿಸುವುದರಿಂದ ಅಗಲವನ್ನೊಂದೇ ನಂಬಬೇಡಿ. ಬಿಸಿಲಿಗೆ ಒಡ್ಡಿಕೊಂಡ, ಬಲಿತ ಗೆಲ್ಲಿನ ಎಲೆಯನ್ನು ಕೊಯ್ದು ಬೆಳಕಿಗೆ ಹಿಡಿಯಿರಿ. ಆರಿಕ್ಯುಲಿಫಾರ್ಮಿಸ್‌ನಲ್ಲಿ ಹೆಚ್ಚಾಗಿ ಮೂರು ದಪ್ಪ ನರಗಳು ಉದ್ದಕ್ಕೆ ಓಡುತ್ತವೆ. ಅವು ಬುಡದ ಬಳಿ ಒಟ್ಟುಗೂಡಿರುತ್ತವೆ ಮತ್ತು ನಡುವಿನ ಸಣ್ಣ ನರಗಳು ಒತ್ತೊತ್ತಾಗಿರುತ್ತವೆ. ಮ್ಯಾಂಜಿಯಂನಲ್ಲಿ ದಪ್ಪ ನರಗಳು ಸಾಮಾನ್ಯವಾಗಿ ನಾಲ್ಕು; ಸಣ್ಣ ನರಗಳು ಒಂದನ್ನೊಂದು ಕೂಡಿಕೊಂಡು ಸ್ಪಷ್ಟವಾದ ಬಲೆಯಾಗುತ್ತವೆ. ಅದರ ಎಳೆಯ ಗೆಲ್ಲನ್ನು ಬೆರಳುಗಳ ನಡುವೆ ಹೊರಳಿಸಿದರೆ ಚೂಪಾದ ಮೂರು ಏಣುಗಳು ಕೈಗೇ ತಿಳಿಯುತ್ತವೆ. ಹೂವಿನ ತೆನೆ ಮೊದಲನೆಯದರಲ್ಲಿ ಹೊಂಬಣ್ಣದ್ದು, ಎರಡನೆಯದರಲ್ಲಿ ಬಿಳಿ ಅಥವಾ ಕೆನೆಯ ಬಣ್ಣದ್ದು.

ಇವೆಲ್ಲಕ್ಕಿಂತ ನಾನು ಹೆಚ್ಚು ನೆಚ್ಚುವುದು ಕಾಯಿಯನ್ನು. ಆರಿಕ್ಯುಲಿಫಾರ್ಮಿಸ್ ಎಂಬ ಹೆಸರಿನಲ್ಲೇ ಕಿವಿಯಿದೆ: ಅದರ ಕಾಯಿ ಸುಮಾರು ಒಂದೂವರೆ ಸೆಂ.ಮೀ. ಅಗಲ, ಚಪ್ಪಟೆ, ಅಂಚು ಅಲೆಯಲೆಯಾಗಿದ್ದು, ಮಾಗಿದಾಗ ತಿರುಚಿಕೊಂಡು ಕಿವಿಯ ಆಕಾರ ತಾಳುತ್ತದೆ. ಮ್ಯಾಂಜಿಯಂನ ಕಾಯಿ ಬರೇ 3ರಿಂದ 5 ಮಿ.ಮೀ. ಅಗಲದ ಪಟ್ಟಿ, ಅದು ಒಣಗಿದಾಗ ಸುರುಳಿ ಸುತ್ತಿ ಗೊಂಚಲು ಗೊಂಚಲಾಗಿ ತೂಗುತ್ತದೆ. ಕರಿಯ ಬೀಜಕ್ಕೆ ಅಂಟಿದ ಕಿತ್ತಳೆ ಬಣ್ಣದ ಎಳೆ ಎರಡರಲ್ಲಿಯೂ ಇರುವುದರಿಂದ ಅದು ಉಪಯೋಗಕ್ಕೆ ಬಾರದು. ಎಲೆಗೆ ಕೈ ಎಟುಕದ ಎತ್ತರದ ಮರವಾದರೂ ಬೇಸಗೆಯಲ್ಲಿ ಅದರ ಕೆಳಗಿನ ತರಗೆಲೆಯನ್ನು ಕೆದಕಿದರೆ ಹಳೆಯ ಕಾಯಿಗಳು ಸಿಗುತ್ತವೆ. ಹತ್ತಿರದಲ್ಲಿ ಬೇರೆ ಅಕೇಶಿಯಾ ಇದ್ದಲ್ಲಿ ಮಾತ್ರ ಬಿದ್ದ ಕಾಯಿ ಯಾವ ಮರದ್ದೆಂದು ಜಾಗ್ರತೆಯಿಂದ ನೋಡಬೇಕು.

ಹೆಸರು ಸರಿಯಾಗಿ ತಿಳಿಯುವುದರಿಂದ ಮೋಪಿನ ವಿಚಾರದಲ್ಲಿಯೂ ಪ್ರಯೋಜನವಿದೆ. ಹೊರಗಿನಿಂದ ನೇರವಾಗಿ, ಚೆನ್ನಾಗಿ ಕಾಣುವ ಮ್ಯಾಂಜಿಯಂಗೆ ಒಳಗಿನ ತಿರುಳು ಕೊಳೆಯುವ ರೋಗ ಬರುವುದುಂಟು. ಆದ್ದರಿಂದ ಕಡಿಸುವ ಮೊದಲೇ ಜಾತಿ ಗೊತ್ತಿರುವುದು ಒಳ್ಳೆಯದು.

ಇನ್ನು ಮೂರನೆಯ ಮರ. ಈ ಎರಡು ಜಾತಿಗಳು ಹತ್ತಿರ ಹತ್ತಿರ ಬೆಳೆದಾಗ ತಾವಾಗಿಯೇ ಬೆರೆಯುತ್ತವೆ. ಮಲೇಶಿಯಾದ ಸಬಾದಲ್ಲಿ ಇಂಥ ಮಿಶ್ರತಳಿಯ ಮರಗಳನ್ನು 1970ರ ದಶಕದಲ್ಲೇ ಗುರುತಿಸಿದ್ದರು. ನೀವು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದದ್ದು ಬಹಳ ಉಪಕಾರವಾಯಿತು: ಎಲೆಯ ಅಗಲ ನಾಲ್ಕೂವರೆ ಸೆಂ.ಮೀ. ಇದೆ, ಹೂವು ಕೆನೆಯ ಬಣ್ಣದ್ದಾಗಿದೆ, ಗೆಲ್ಲಿನ ಏಣುಗಳು ಅಷ್ಟು ಚೂಪಾಗಿ ಕಾಣುತ್ತಿಲ್ಲ. ಇವು ಮಿಶ್ರತಳಿಯತ್ತ ಬೊಟ್ಟು ಮಾಡುತ್ತವೆ. ಆದರೆ ಚಿತ್ರದಲ್ಲಿ ಕಾಯಿಯಿಲ್ಲ. ಸದ್ಯಕ್ಕೆ ನಿಮ್ಮ ಪುಸ್ತಕದಲ್ಲಿ ಆ ಮರದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿಟ್ಟುಕೊಳ್ಳಿ. ಕಾಯಿ ಮಾಗಿದಾಗ ಅದೇ ಮರದ ಗೆಲ್ಲಿನಿಂದ ನಾಲ್ಕೈದನ್ನು ಕೊಯ್ದು, ಅಳತೆಪಟ್ಟಿಯೊಡನೆ ಇನ್ನೊಂದು ಚಿತ್ರ ಕಳುಹಿಸಿ.