ಆ ಒಂದು ‘ಹೂಂ’

ಸಂಗಾತಿ ಹೋದ ಮೇಲೆ ದೇವರಿಗೆ ದೀಪ ಹಚ್ಚುವುದನ್ನೇ ಬಿಟ್ಟವರು ನನ್ನ ಬಳಿ ಸಲಹೆಗೆ ಆಗಾಗ ಬರುತ್ತಾರೆ. ತಾವಾಗಿ ಬರುವವರು ಕಡಿಮೆ, ಮನೆಯವರು ಕರೆತರುತ್ತಾರೆ. ಈ ಪ್ರಕರಣ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ಅರುವತ್ತರ ಹತ್ತಿರ. ಹೆಂಡತಿಗೆ ಕ್ಯಾನ್ಸರ್. ಒಂದೂವರೆ ವರ್ಷ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡಾಡಿದರು. ಕಾರ್ತಿಕದಲ್ಲಿ ಆಕೆ ತೀರಿಹೋದರು. ಜೂನ್‌ನಲ್ಲಿ ಇವರನ್ನು ಕರೆತಂದದ್ದು ಮಗಳು. ಮಳೆ ಹಿಡಿದರೂ ತೋಟಕ್ಕೆ ಮದ್ದು ಬಿಡಿಸಿರಲಿಲ್ಲ. ಕೊಳೆರೋಗ ಬಂದರೆ ಬರಲಿ ಎನ್ನುತ್ತಿದ್ದರಂತೆ. ಮಗಳಿಗೆ ದೀಪಕ್ಕಿಂತ ಅದರದ್ದೇ ಚಿಂತೆ ಜಾಸ್ತಿ.

ಮೊದಲ ಎರಡು ಸಲ ಮಳೆ, ಅಡಿಕೆ ರೇಟು, ಅಷ್ಟೇ ಮಾತು. ಮೂರನೇ ಸಲ ಕಿಸೆಯಿಂದ ಸಣ್ಣ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅರಶಿನ ಹಚ್ಚಿದ ಬಟ್ಟೆ, ಒಳಗೆ ಒಂದು ರೂಪಾಯಿ ನಾಣ್ಯ. ಗುಣವಾದರೆ ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿ ಅಪ್ಪದ ಸೇವೆ ಮಾಡಿಸುತ್ತೇನೆ ಎಂದು ಹೆಂಡತಿ ಕಟ್ಟಿಟ್ಟ ಹರಕೆ.

“ಗುಣ ಆಗಲಿಲ್ಲವಲ್ಲ ಟೀಚರ್. ಇದನ್ನು ಈಗ ಕೊಡಬೇಕಾ?” (ಶಾಲೆ ಬಿಟ್ಟು ಹತ್ತು ವರ್ಷವಾದರೂ ನಮ್ಮ ಕಡೆ ನಾನು ಟೀಚರೇ.) ಹರಕೆ ಬಾಕಿ ಇಟ್ಟರೆ ಮಗಳ ಹೆರಿಗೆಗೆ ತೊಂದರೆ, ಜೋಯಿಸರಲ್ಲಿ ಪ್ರಶ್ನೆ ಇಡಿಸು ಎಂದು ಅವರ ಅಕ್ಕ ಹೆದರಿಸಿದ್ದರು.

ನಾನು ಉತ್ತರ ಕೊಡಲಿಲ್ಲ. ಗಂಟು ಕಟ್ಟಿದ್ದು ಯಾವಾಗ ಎಂದು ಕೇಳಿದೆ. ಅವರು ಅದರ ತುದಿ ಹಿಡಿದು ತಿರುಗಿಸುತ್ತಾ ತುಂಬ ಹೊತ್ತು ಕೂತರು.

“ಕೊನೆಯ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ‘ಬಂದ ಮೇಲೆ ಇಬ್ಬರೂ ಮಧೂರಿಗೆ ಹೋಗುವ, ಅಲ್ವಾ?’ ಅಂತ ಕೇಳಿದಳು. ನಾನು ‘ಹೂಂ’ ಅಂದೆ. ಇನ್ನು ಆಸೆ ಇಲ್ಲ ಅಂತ ಡಾಕ್ಟರು ಹದಿನೈದು ದಿವಸ ಮೊದಲೇ ಹೇಳಿಯಾಗಿತ್ತು. ಅವಳಿಗೆ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಈಗ ದೀಪ ಹಚ್ಚಲಿಕ್ಕೆ ಹೋದರೆ ಆ ಹೂಂ ನೆನಪಾಗ್ತದೆ.”

ಅಲ್ಲಿಯವರೆಗೆ ದೇವರ ಮೇಲಿನ ಸಿಟ್ಟು ಎಂದೇ ಎಲ್ಲರೂ ಅಂದುಕೊಂಡಿದ್ದರು. ನಾನೂ.

ಗಂಟನ್ನು ಆಕೆ ಇಟ್ಟಿದ್ದ ಅಕ್ಕಿ ಡಬ್ಬದಲ್ಲೇ ಇಡಿ, ವರ್ಷಾಂತದ ಶ್ರಾದ್ಧದವರೆಗೆ ಕೊಡುವುದೂ ಬೇಡ, ಬಿಡುವುದೂ ಬೇಡ ಎಂದೆ. ಹೂಂ ಎಂದದ್ದನ್ನು ಮಗಳಿಗೆ ಹೇಳಿ ಎಂದೆ. ದೀಪದ ಮಾತು ಎತ್ತಲೇ ಇಲ್ಲ. ಹೆರಿಗೆಯ ಹೆದರಿಕೆ ಹುಟ್ಟಿಸಬೇಡಿ ಎಂದು ಸೋದರತ್ತೆಗೆ ಹೇಳುವ ಕೆಲಸ ಮಗಳಿಗೆ ವಹಿಸಿದೆ.

ಇಂಥ ಸಲಹೆಯಿಂದ ಎರಡೂ ಕಡೆಯವರಿಗೆ ನನ್ನ ಮೇಲೆ ಅಸಮಾಧಾನ ಉಂಟು. ಹರಕೆ ತಪ್ಪಿಸುತ್ತೀರಿ ಎನ್ನುವವರು ಕೆಲವರು, ಮೂಢನಂಬಿಕೆಗೆ ಸುಮ್ನೆ ತಲೆಯಾಡಿಸುತ್ತೀರಿ ಎನ್ನುವವರು ಕೆಲವರು. ಹೆದರಿ ಕೊಟ್ಟ ಹರಕೆಯೂ ಹಠಕ್ಕೆ ಎಸೆದ ನಾಣ್ಯವೂ ಆಮೇಲೆ ಚುಚ್ಚುವುದನ್ನು ನಾನು ನೋಡಿದ್ದೇನೆ. ಕಟ್ಟಿದ್ದು ಅವರ ಹೆಂಡತಿ. ಅದರ ಮೇಲೆ ನನ್ನ ನಂಬಿಕೆಯನ್ನೋ ಅಪನಂಬಿಕೆಯನ್ನೋ ಹೇರಲು ನಾನ್ಯಾರು?

ಏಳು ತಿಂಗಳಿಗೇ ‘ಇನ್ನೂ ಹೀಗೇ ಇದ್ದಾರೆ’ ಎಂದು ಗಾಬರಿಯಾಗುವ ಮನೆಯವರಿಗೂ ಒಂದು ಮಾತು. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ದೀರ್ಘ ಶೋಕವನ್ನು ತನ್ನ ಕೈಪಿಡಿಗೆ ಕಾಯಿಲೆಯಾಗಿ ಸೇರಿಸಿತು. ಆದರೆ ದೊಡ್ಡವರಲ್ಲಿ ಸಾವಾಗಿ 12 ತಿಂಗಳಾದರೂ ಕಳೆದಿರಬೇಕು ಎಂದಿತು. ನಮ್ಮ ಹಿರಿಯರು ವರ್ಷಾಂತ ಇಟ್ಟದ್ದೂ ಅಷ್ಟಕ್ಕೇ. ಊಟ ಬಿಟ್ಟರೆ, ‘ನಾನೂ ಅವಳ ಹಿಂದೆಯೇ ಹೋಗುತ್ತೇನೆ’ ಎಂದರೆ ಮಾತ್ರ ವರ್ಷ ಕಾಯಬಾರದು. ಅದೇ ದಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು. ಇವರಲ್ಲಿ ಅದಿರಲಿಲ್ಲ, ಮೊದಲ ದಿನವೇ ಕೇಳಿಕೊಂಡಿದ್ದೆ.

ಆಗಸ್ಟ್‌ನಲ್ಲಿ ಮಗಳ ಫೋನ್ ಬಂತು. ಅಪ್ಪ ಹೇಳಿದರಂತೆ, ಇಬ್ಬರೂ ಅತ್ತರಂತೆ. ದೀಪ ಈಗ ಅವಳೇ ಹಚ್ಚುತ್ತಾಳೆ. ಗಂಟು ಅಕ್ಕಿ ಡಬ್ಬದಲ್ಲೇ ಉಂಟು. ಅಪ್ಪ ಜನ ಕರೆಸಿ ಮದ್ದು ಬಿಡಿಸಿದ್ದಾರೆ. ಮೊದಲನೇ ಸಲದ್ದು ತಪ್ಪಿದ್ದರಿಂದ ಕೆಳಗಿನ ತೋಟಕ್ಕೆ ಕೊಳೆ ಬಂತು ಎಂದು ತಮ್ಮನ್ನೇ ಬೈದುಕೊಂಡು ತಿರುಗುತ್ತಿದ್ದಾರಂತೆ.