ಆಷಾಢದ ಗಾಳಿ ಮತ್ತು ಒಬ್ಬ ಗಾಲ್ಫ್ ಆಟಗಾರ

ಮಂಜು ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಜುಲೈ ತಿಂಗಳಲ್ಲಿ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 33, ಬೆಂಗಳೂರಿನ ವೃತ್ತಿಪರ ಗಾಲ್ಫ್ ಆಟಗಾರ. ಕಳಿಸಿದ್ದು ಅವರ ಹೆಂಡತಿ. "ರಾತ್ರಿ ಮೂರು ಗಂಟೆಗೆ ಎದ್ದು ಕೂತ್ಕೋತಾರೆ ಮೇಡಂ. ಪಕ್ಕದ ಮನೆ ತೆಂಗಿನ ಗರಿ ಅಲ್ಲಾಡೋದನ್ನೇ ಕೇಳ್ತಿರ್ತಾರೆ" ಎಂದು ಆಕೆ ಫೋನಿನಲ್ಲಿ ಹೇಳಿದ್ದರು.

ನಮಗೆಲ್ಲ ಆಷಾಢದ ಗಾಳಿ ಅಂದ್ರೆ ಒಣಗಿ ಹಾಕಿದ ಬಟ್ಟೆ ಹಾರಿಹೋಗುವ ಗಾಳಿ. ಮಂಜು ಅವರಿಗೆ ಅದು ಹೊಟ್ಟೆಪಾಡಿನ ವಿಷಯ.

ಅವರ ಅಪ್ಪ ಗಾಲ್ಫ್ ಮೈದಾನದಲ್ಲಿ ಮಾಲಿ. ಇವರು ಹತ್ತನೇ ಕ್ಲಾಸ್ ಮುಗಿಸಿ ಕ್ಯಾಡಿ ಆದರು, ಅಂದರೆ ಆಟಗಾರರ ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಚೀಲ ಹೊತ್ತು, ಹೇಗೆ ಹೊಡೆಯಬೇಕು ಎಂದು ಸಲಹೆ ಕೊಡುವವರು. ಒಬ್ಬ ಸಾಹೇಬರು ಕೊಟ್ಟ ಹಳೇ 7 ಐರನ್ ಎಂಬ ಒಂದು ಕ್ಲಬ್‌ನಲ್ಲೇ ಆಟ ಕಲಿತರು. ಬಿಡದಿ ಹತ್ತಿರದ ಈಗಲ್ಟನ್ ಗಾಲ್ಫ್ ಮೈದಾನದಲ್ಲಿ ಆಟ ಕಲಿತ ಚಿಕ್ಕರಂಗಪ್ಪ ಆಗ ದೇಶದ ಟೂರ್‌ನಲ್ಲಿ ಗೆಲ್ಲುತ್ತಿದ್ದರು. ಅವರನ್ನು ನೋಡಿ ಇವರಿಗೂ ಧೈರ್ಯ ಬಂತು, ಪ್ರೊ ಆದರು. ಈ ಬದುಕು ಹೊರಗಿನವರಿಗೆ ಕಾಣುವಷ್ಟು ಸುಲಭ ಅಲ್ಲ. ಟೂರ್ನಿ ಸಾಮಾನ್ಯವಾಗಿ 4 ದಿನ. 2 ದಿನ ಮುಗಿದ ಮೇಲೆ ಕೆಳಗಿನವರು ಮನೆಗೆ. ಅದೇ ಕಟ್. ಕಟ್ ದಾಟದಿದ್ದರೆ ಬಹುಮಾನದ ದುಡ್ಡು ಇಲ್ಲ. ರೈಲು, ರೂಮು, ಕ್ಯಾಡಿಯ ಕೂಲಿ ಎಲ್ಲ ಕೈಯಿಂದ. ಮಂಜು ಬೆಳಗ್ಗೆ ಮಕ್ಕಳಿಗೆ ಆಟ ಕಲಿಸಿ ಆ ಖರ್ಚು ಹೊಂದಿಸುತ್ತಿದ್ದರು.

ನಿದ್ದೆ ಕೆಡಿಸಿದ್ದು ಹಿಂದಿನ ವರ್ಷದ ಒಂದು ಘಟನೆ. ಜೋರು ಗಾಳಿಯ ದಿನ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡಿಗೆ ಗುರುತು ಇಟ್ಟು, ಎತ್ತಿ, ಒರೆಸಿ, ಮತ್ತೆ ಇಟ್ಟರು. ಗಾಳಿಗೆ ಚೆಂಡು ಒಂದಡಿ ಉರುಳಿತು. ಜೊತೆಗಿದ್ದ ಕ್ಯಾಡಿ ಹುಡುಗ "ಸರ್, ಒಂದ್ನಿಮಿಷ" ಅಂದ. ಇವರು ಕೇಳಿಸಿಕೊಳ್ಳಲಿಲ್ಲ, ಉರುಳಿದ ಜಾಗದಿಂದಲೇ ಆಡಿಬಿಟ್ಟರು. 2019ರಿಂದ ನಿಯಮ ಹೀಗಿದೆ: ಎತ್ತಿ ಇಟ್ಟ ಚೆಂಡು ಗ್ರೀನ್ ಮೇಲೆ ಗಾಳಿಗೆ ಸರಿದರೆ, ದಂಡ ಇಲ್ಲದೆ ಮೊದಲಿನ ಜಾಗಕ್ಕೇ ತಂದಿಡಬೇಕು. ಹಾಗೆ ಮಾಡದೆ ಆಡಿದ್ದಕ್ಕೆ 2 ಹೊಡೆತದ ದಂಡ ಬಿತ್ತು. ಕಟ್ ತಪ್ಪಿದ್ದು 1 ಹೊಡೆತದಿಂದ.

ಮೊದಲೆರಡು ಭೇಟಿಯಲ್ಲಿ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ನಿದ್ದೆ ಸ್ವಲ್ಪ ಸುಧಾರಿಸಿತು. ಮೈದಾನದಲ್ಲಿ ಏನೂ ಬದಲಾಗಲಿಲ್ಲ.

ಮೂರನೇ ಸಲ ಹೀಗೆ ಕೇಳಿದೆ: "ನನಗೆ ಗಾಲ್ಫ್ ಗೊತ್ತಿಲ್ಲ. ನೀವು ನನ್ನ ಕ್ಯಾಡಿ ಅಂದ್ಕೊಳ್ಳಿ. ಎದುರು ಗಾಳಿ ಬೀಸ್ತಿದೆ. ಏನು ಮಾಡಲಿ?"

ಅವರು ಕುರ್ಚಿಯಿಂದ ಎದ್ದೇ ನಿಂತರು. "ಮೊದಲು ಬಾವುಟ ನೋಡ್ಬೇಡಿ ಮೇಡಂ, ಮರದ ತುದಿ ನೋಡಿ. ಚೆಂಡು ಹಾರೋದು ಅಷ್ಟೆತ್ತರದಲ್ಲಿ. 8 ಐರನ್ ಬೇಕು ಅನ್ಸಿದ್ರೆ 6 ತಗೊಳ್ಳಿ, ನಂಬರ್ ಚಿಕ್ಕದಾದಷ್ಟೂ ಚೆಂಡು ದೂರ ಹೋಗುತ್ತೆ. ಹಿಡಿಕೆ ಒಂದಿಂಚು ಕೆಳಗೆ ಹಿಡೀರಿ. ಚೆಂಡು ಸ್ವಲ್ಪ ಹಿಂದಿರಲಿ. ಮೆತ್ತಗೆ ಬೀಸಿ, ಕೈ ಎತ್ತರಕ್ಕೆ ಹೋಗ್ದೆ ಎದೆ ಮಟ್ಟಕ್ಕೇ ನಿಲ್ಲಲಿ. ಜೋರಾಗಿ ಹೊಡೆದಷ್ಟೂ ಚೆಂಡು ಹಿಮ್ಮುಖವಾಗಿ ಜಾಸ್ತಿ ಸುತ್ತುತ್ತೆ, ಮೇಲೆದ್ದು ಅಲ್ಲೇ ಬೀಳುತ್ತೆ." ಹಿಂದಿನ ಗಾಳಿ? "ಎದುರು ಗಾಳಿ ಕಿತ್ಕೊಂಡಷ್ಟು ಅದು ವಾಪಸ್ ಕೊಡಲ್ಲ. ಆದ್ರೆ ಚೆಂಡು ಗ್ರೀನ್ ಮೇಲೆ ನಿಲ್ಲಲ್ಲ, ಮುಂಚೇನೇ ಬೀಳಿಸಿ." ಅಡ್ಡ ಗಾಳಿ? "ಅದರ ಜೊತೆ ಜಗಳ ಬೇಡ. ಗಾಳಿ ಬರೋ ಕಡೆಗೆ ಗುರಿ ಇಡಿ, ಗಾಳಿನೇ ತಂದುಕೊಡುತ್ತೆ. ಪಟ್ ಮಾಡುವಾಗ, ಅಂದ್ರೆ ಗ್ರೀನ್ ಮೇಲೆ ಚೆಂಡನ್ನ ಗುಳಿಗೆ ಉರುಳಿಸುವಾಗ, ಕಾಲು ಅಗಲಿಸಿ ನಿಲ್ಲಿ. ಇವತ್ತು ಬೋಗಿ, ಅಂದ್ರೆ ನಿಗದಿಗಿಂತ ಒಂದು ಹೊಡೆತ ಜಾಸ್ತಿ, ಬಂದ್ರೂ ಪರವಾಗಿಲ್ಲ."

ಹತ್ತು ನಿಮಿಷ ಮಾತಾಡಿದರು. ಒಂದು ತಡವರಿಕೆ ಇಲ್ಲ.

"ಇದನ್ನೆಲ್ಲ ನೀವು ಆಡುವಾಗ ನಿಮಗೆ ಯಾರು ಹೇಳ್ತಾರೆ?" ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಊರೂರಿನಲ್ಲಿ ಸಿಗುವ ಹುಡುಗನನ್ನು ಕ್ಯಾಡಿಯಾಗಿ ಕರ್ಕೋತೀನಿ, ಅವನ ಜೊತೆ ಮಾತೇ ಆಡಲ್ಲ ಅಂತ. ಗಾಳಿ ಎದ್ದರೆ ಹಲ್ಲು ಕಚ್ಚಿ ಇನ್ನೂ ಜೋರಾಗಿ ಹೊಡೀತೀನಿ ಅಂತಲೂ.

ಇಲ್ಲಿ ಕೊರತೆ ಕಲಿಕೆಯದಲ್ಲ ಅಂತ ನನಗೆ ಆಗ ಖಾತ್ರಿಯಾಯಿತು. ಕ್ಯಾಡಿಗೆ ಗಾಳಿ ಬರೀ ಗಾಳಿಯೇ. ಆಟಗಾರನಾಗಿ ನಿಂತಾಗ ಅದೇ ಗಾಳಿಯ ಜೊತೆ ಮನೆ ಬಾಡಿಗೆ, ಮಗಳ ಫೀಸು, ಹೋದ ವರ್ಷದ ಆ ಉರುಳಿದ ಚೆಂಡು ಎಲ್ಲ ಬರುತ್ತವೆ. ಅಷ್ಟು ಹೊತ್ತುಕೊಂಡು ಮೆತ್ತಗೆ ಬೀಸುವುದು ಯಾರಿಗೂ ಕಷ್ಟ.

ನನ್ನ ಸಲಹೆ ದೊಡ್ಡದೇನಲ್ಲ. ಪ್ರತಿ ಹೊಡೆತಕ್ಕೆ ಮುಂಚೆ ಕ್ಯಾಡಿ ಹುಡುಗನಿಗೆ ಬಾಯಿಬಿಟ್ಟು ಹೇಳಬೇಕು: ಗಾಳಿ ಎಲ್ಲಿಂದ, ಎಷ್ಟು, ಯಾವ ಕ್ಲಬ್. ಅವನ ಮಾತನ್ನೂ ಕೇಳಬೇಕು. ಕ್ಲಬ್ ಚೀಲದಿಂದ ಹೊರಗೆ ಬಂದ ಮೇಲೆ ಮನಸ್ಸು ಬದಲಿಸುವಂತಿಲ್ಲ. ಗ್ರೀನ್ ಮೇಲೆ ಚೆಂಡು ಅಲ್ಲಾಡಿದರೆ ಹಿಂದೆ ಸರಿದು ರೆಫರಿಯನ್ನು ಕರೆಯಬೇಕು. ಆ ದಿನದ ಲೆಕ್ಕ ಸ್ಕೋರ್ ಅಲ್ಲ. ಹೇಳಿ ಹೊಡೆದ ಪ್ರತಿ ಹೊಡೆತಕ್ಕೆ ಪುಟ್ಟ ಪುಸ್ತಕದಲ್ಲಿ ಒಂದು ಗೀಟು. ಇದು ನಾನು ಹೊಸದಾಗಿ ಕಲಿಸಿದ್ದಲ್ಲ. ಸಾಹೇಬರಿಗೆ ಕೊಡುತ್ತಿದ್ದ ಗಮನವನ್ನೇ ತಮಗೂ ಕೊಟ್ಟುಕೊಳ್ಳಿ ಎಂದೆ, ಅಷ್ಟೇ.

ಒಂದು ಭೇಟಿಯಲ್ಲಿ ಅವರೇ ನೆನಪಿಸಿಕೊಂಡರು: 2015ರ ಬ್ರಿಟಿಷ್ ಓಪನ್. ನಮ್ಮ ಅನಿರ್ಬನ್ ಲಾಹಿರಿಯೂ ಆಡಿದ್ದ ಟೂರ್ನಿ. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಶನಿವಾರ ಗಾಳಿಗೆ ಗ್ರೀನ್ ಮೇಲೆ ಚೆಂಡು ನಿಲ್ಲದೆ 10 ಗಂಟೆಗೂ ಹೆಚ್ಚು ಆಟ ನಿಂತಿತ್ತು, ಟೂರ್ನಿ ಮುಗಿದಿದ್ದು ಸೋಮವಾರ. "ಅಂಥವರ ಚೆಂಡೂ ಉರುಳಿತ್ತು ಅಲ್ವಾ ಮೇಡಂ" ಅಂದರು. ಗಾಳಿ ತಮ್ಮೊಬ್ಬರ ಮೇಲೆ ಹಗೆ ಸಾಧಿಸುತ್ತಿಲ್ಲ ಅನ್ನುವುದು ಆ ದಿನ ಅವರ ಮುಖದಲ್ಲಿ ಕಂಡಿತು.

ಆಗಸ್ಟ್‌ನಲ್ಲಿ ಒಂದು ಟೂರ್ನಿ ಆಡಿದರು. ಕಟ್ ದಾಟಿದರು, ಬಂದ ದುಡ್ಡು ಖರ್ಚಿಗೆ ಸರಿಹೋಯಿತು. ಪುಸ್ತಕ ತೋರಿಸಿದರು. ಮೊದಲ ದಿನ ಗೀಟಿಲ್ಲದ ಹೊಡೆತ 11, ಎರಡನೇ ದಿನ 4. ಆ 4 ಯಾವುವು ಎಂದು ಕೇಳಿದೆ. ಎಲ್ಲವೂ ಕೊನೆಯ ಎರಡು ಹೋಲ್‌ನವು, ಕಟ್ ದಾಟಿದರೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ತಲೆಗೆ ಹೊಕ್ಕಾಗಿನವು. ಹಾಗಾಗಿ ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ವರ್ಷಕ್ಕೆ ಎಷ್ಟು ಟೂರ್ನಿ, ಎಷ್ಟು ದಿನ ಪಾಠ ಅನ್ನುವುದನ್ನು ಮೂವರೂ ಕೂತು ಮಾತಾಡಬೇಕು. ಮನೆ ಖರ್ಚಿನ ಪುಸ್ತಕ ಆಕೆಯೇ ತರುತ್ತಾರಂತೆ.